ಟಗರು ಗುದ್ದಿದ ಗಾಯ

ಮುರುಮ, ೨೫ ಜನವರಿ ೧೯೫೬, ಬುಧವಾರ

ಹೇಸಿಗೆಯಾಗುತ್ತಿದೆ. ಕುರಿ ಕಾಯುವ ಮಲ್ಲಣ್ಣನ ಹಣೆ ಒಡೆದದ್ದು ಅವನದೇ ಟಗರು ಗುದ್ದಿ. ಅರಿಸಿನ ಹಚ್ಚಿದವನು ನಾನು. ಗಡಿ ಜಗಳದಲ್ಲಿ ಕನ್ನಡದವರು ಹೊಡೆದರೆಂದು ಮರಾಠಿ ಪತ್ರಿಕೆ ಬರೆಯಿತು, ಮರಾಠಿಯವರು ಹೊಡೆದರೆಂದು ಕನ್ನಡ ಪತ್ರಿಕೆ. ಥೂ! ಗಾಯ ನೋಡಲು ಇಬ್ಬರೂ ಬಂದಿರಲಿಲ್ಲ.

ಪ್ರತಿ ವರ್ಷ ಗೊಬ್ಬರಕ್ಕೆಂದು ಅವನ ಕುರಿಗಳನ್ನು ಹೊಲಕ್ಕೆ ಕರೆಯುತ್ತಿದ್ದ ಮನ್ಮಥಪ್ಪನವರು ಇಂದು ಬಾಂದಿನಲ್ಲೇ ತಡೆದರು.

"ಜಗಳದ ಮನಷ್ಯಾ ನಮಗ ಬ್ಯಾಡಪಾ."

ನನಗೆ ತಡೆಯಲಾಗಲಿಲ್ಲ. "ಮಲ್ಲಣ್ಣಾ, ಟಗರ ಗುದ್ದಿದ್ದು ಅಂತ ನೀನರೆ ಹೇಳು!"

ಅವನು ಹಣೆ ಸವರಿಕೊಂಡ. "ನಾನೂ ಹಂಗೇ ತಿಳಕೊಂಡಿದ್ದೆ ತಮ್ಮಾ. ಆದ್ರ ಪೇಪರದವರು ಸುಳ್ಳ್ಯಾಕ ಬರೀತಾರ? ಯಾರರೆ ಹಿಂದಿಂದ ಹೊಡದಿರಬೇಕು."

ಹಣೆಯ ಗಾಯ, ಹಿಂದಿನಿಂದ!

ಕುರಿಗಳು ಈಗ ರಸ್ತೆಯ ಬದಿಯಲ್ಲಿ ಚಳಿಗೆ ನಿಂತಿವೆ. ಆ ಟಗರೂ ಅಲ್ಲೇ ಇದೆ. ನಾಳೆ ಮತ್ತೆ ಪತ್ರಿಕೆ ಬರುತ್ತದೆ, ಅವನು ಓದಿ ಹೇಳೆಂದು ನನ್ನ ಬಳಿಗೇ ಬರುತ್ತಾನೆ.