ಅಂಚು ಕೂಡದ ವೃತ್ತಗಳು

ಸೆಪ್ಟೆಂಬರ್ 9, ಮಧ್ಯಾಹ್ನ

‘ಗೆರೆ ನಿಂತಲ್ಲಿಂದ ಕಣ್ಣು ನಡೆಯುವುದು...’ ನಡೆಯುವುದೋ, ಅಲೆಯುವುದೋ? ಎಂ.ಎ. ದಿನಗಳಲ್ಲಿ ಓದಿದ್ದು. ಪದ ಜಾರಿಹೋಗಿದೆ. ಎರಡೂ ಸುಳ್ಳೇ ಇರಬೇಕು. ಗೆರೆ ನಿಂತಲ್ಲಿ ಜನರ ಕಣ್ಣು ತಪ್ಪು ಹುಡುಕುತ್ತದೆ, ಅಷ್ಟೆ.

ಮೂರನೇ ತರಗತಿಗೆ ಇವತ್ತು ವೃತ್ತಗಳ ಪ್ರಾಜೆಕ್ಟ್, ಶಾಲೆಯ ಚಿತ್ರಪ್ರದರ್ಶನಕ್ಕೆ. ಚೌಕದೊಳಗೆ ವೃತ್ತ, ವೃತ್ತದೊಳಗೆ ವೃತ್ತ ಬರೆದ ಆ ವಿದೇಶಿ ಆಧುನಿಕ ಚಿತ್ರಕಾರನ ಪ್ರಿಂಟ್ ಬೋರ್ಡಿಗೆ ಅಂಟಿಸಿದೆ. ಅವನ ಹೆಸರು ಮಕ್ಕಳ ಬಾಯಲ್ಲಿ ಕೆಮ್ಮಿನ ಸಿರಪ್ಪಿನ ಹೆಸರಾಯಿತು. ನೀರು ಚೆಲ್ಲಿತು. ಬ್ರಶ್ಶಿಗೆ ಕಿತ್ತಾಟ. ಪಕ್ಕದ ಮನೆಯ ಹುಡುಗಿಯೂ ಇದೇ ಕ್ಲಾಸು — ಇಲಿಮರಿ ಅನ್ನುತ್ತೇನೆ, ಸದಾ ಪೆನ್ಸಿಲ್ ಕಡಿಯುತ್ತಿರುತ್ತಾಳೆ. ಅವಳು ಒಂದು ವೃತ್ತವನ್ನೂ ಮುಚ್ಚಲಿಲ್ಲ. ಪ್ರತಿಯೊಂದರಲ್ಲೂ ಬೆರಳಗಲ ಸಂದು. ಯಾಕೆ ಅಂದೆ.

“ಮುಚ್ಚಿದ್ರೆ ಒಳಗಿನ ಬಣ್ಣ ಹೊರಗೆ ಬರೋದು ಹೇಗೆ ಮಿಸ್?”

ಇಷ್ಟು ವರ್ಷ ಕಲಿಸಿದೆ, ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಹೊಟ್ಟೆಕಿಚ್ಚಾಯಿತು, ನಿಜ. ಹೀಗೇ ಇರಲಿ, ಯಾರೂ ಮುಟ್ಟುವುದಿಲ್ಲ ಅಂದೆ. ಮಾತು ಕೊಟ್ಟ ಹಾಗೆ.

ಸೆಪ್ಟೆಂಬರ್ 10

ಹೆಡ್ ಮಿಸ್ ಬಂದರು. ಇಲಿಮರಿಯ ಚಿತ್ರದ ಮುಂದೆ ನಿಂತರು. ತಿದ್ದಿಸಿ, ಇಲ್ಲವೇ ಪ್ರದರ್ಶನದಿಂದ ತೆಗೆಯಿರಿ ಎಂದರು. ಅರ್ಧಂಬರ್ಧ ಕೆಲಸ ಗೋಡೆಗೆ ಹಾಕಿದರೆ ಪೋಷಕರು ಏನಂದಾರು. ತಿದ್ದುವುದಕ್ಕೆ ಇದು ಅಕ್ಷರವಲ್ಲ ಎಂದೆ. ನಕ್ಕರು. ಮುಂದಿನ ವರ್ಷ ಈ ಚಿತ್ರಕಲೆ ಪೀರಿಯಡ್ಡನ್ನು ಕೈಬರಹಕ್ಕೆ ಕೊಟ್ಟರೆ ಹೇಗೆ ಎಂದು ಕಮಿಟಿಯವರು ಕೇಳುತ್ತಿದ್ದಾರಂತೆ. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಹೇಳಿದರು. ಕೂದಲು ನಾನು.

ಮನೆಯಲ್ಲಿ ಹೇಳಿಕೊಂಡೆ. ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ.

“ಸೊನ್ನೆ ಬರೆಸೋಕೆ ಎಂ.ಎ. ಬೇಕಿತ್ತಾ?”

ಸೊನ್ನೆ. ಮದುವೆಯಾದಾಗಿನಿಂದ ಇವರ ಬಾಯಲ್ಲಿ ಬಂದ ಏಕೈಕ ರೂಪಕ.

ಸೆಪ್ಟೆಂಬರ್ 19

ಗೆದ್ದೆ. ಆ ಚಿತ್ರಕಾರನ ದಪ್ಪ ಪುಸ್ತಕ ಹೊತ್ತುಕೊಂಡು ಹೋಗಿ ಹೆಡ್ ಮಿಸ್ ಮೇಜಿನ ಮೇಲೆ ತೆರೆದಿಟ್ಟೆ. ಅವನ ವೃತ್ತಗಳೂ ಎಷ್ಟೋ ಕೂಡಿಲ್ಲ. ದೊಡ್ಡವರು ಸಂದು ಬಿಟ್ಟರೆ ಶೈಲಿ, ಮಗು ಬಿಟ್ಟರೆ ತಪ್ಪು — ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಕನ್ನಡಕ ಏರಿಸಿದರು, ಇಳಿಸಿದರು. ಸರಿ, ಹಾಕಿಕೊಳ್ಳಿ ಎಂದರು. ಯಾರಾದರೂ ನಕ್ಕರೆ ಹೊಣೆ ನನ್ನದಂತೆ. ಇರಲಿ.

ಮಕ್ಕಳ ಕೈಗೆ ಹಾಳೆಗಳನ್ನು ಕೊಟ್ಟು ಕಳಿಸಿದೆ. ಮನೆಯಲ್ಲಿ ರಟ್ಟಿಗೆ ಅಂಟಿಸಿ, ಅಂಚು ಕೂಡಿಸಿ ತನ್ನಿ ಎಂದೆ. ಇಲಿಮರಿ ತನ್ನದನ್ನು ಎದೆಗವಚಿಕೊಂಡು ಹೋದಳು. ಕುಣಿಯುತ್ತಾ.

ಸೆಪ್ಟೆಂಬರ್ 22, ಬೆಳಿಗ್ಗೆ

ಇವತ್ತು ಪ್ರದರ್ಶನ. ಹೊರಡಬೇಕು.

ಈಗಷ್ಟೇ ಬಾಗಿಲು ಬಡಿದರು. ಇಲಿಮರಿಯ ಅಮ್ಮ. ಕೈಯಲ್ಲಿ ರಟ್ಟು, ಬೆರಳಿಗೆಲ್ಲ ಬಣ್ಣ, ಮುಖದಲ್ಲಿ ಹೆಮ್ಮೆ. ಹಿಂದೆ ಹುಡುಗಿ, ಊದಿದ ಕಣ್ಣು. ನನ್ನನ್ನು ನೋಡಲೇ ಇಲ್ಲ. ಹಾಳೆಯ ಅಂಚು ರಟ್ಟಿನ ಅಂಚಿಗೆ ಕೂಡಿಲ್ಲ, ವಾರೆಯಾಗಿ ಅಂಟಿದೆ. ವೃತ್ತಗಳು ಮಾತ್ರ ಬಳೆಯ ಹಾಗೆ ದುಂಡಗೆ, ಒಂದೂ ಬಿಡದೆ. ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮನೇ —

“ಅಂಚು ಕೂಡಿಸ್ಬೇಕು ಅಂದ್ರಂತಲ್ಲ. ಮಿಸ್ ಹೇಳಿದ್ದು ಇದಲ್ಲ ಅಂತ ಒಂದೇ ಸಮ ಅತ್ತಳು. ಗದರಿಸಿ ಕೂರಿಸಿ, ಬಟ್ಟಲು ಇಟ್ಟು ನಾನೇ ಎಲ್ಲಾ ಕೂಡಿಸ್ದೆ. ಈಗ್ಲೂ ನಂಬ್ತಿಲ್ಲ ನೋಡಿ... ಒಂದ್ಸಲ ನೀವೇ ಹೇಳಿ ಇವಳಿಗೆ.”