ಹೂ ಕಟ್ಟುವ ಕೈಯನ್ನು ನಂಬಬೇಡ

ಗದಗ ಮೇಲೂರು, ೨೧೮೬ನೇ ಇಸವಿ, ಫೆಬ್ರವರಿ ೩೦

ಶಾಂತವ್ವ, ನಿನ್ನಿಂದ ಆರನೆಯ ತಲೆಮಾರಿನ ನೀಲಗಂಗವ್ವ ಹೂಗಾರ ಮಾಡುವ ನಮಸ್ಕಾರ. ತಾರೀಕು ನೋಡಿ ನನಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಹಿಂದಿನ ಕಾಲಕ್ಕೆ ಕಾಗದ ಮುಟ್ಟಿಸುವ ಅಂಚೆಯೂ ಉಂಟು. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ. ನಿನ್ನ ಕಾಲದಲ್ಲಿ ಈ ವಾರ ಡಾಕ್ಟರು ನಿನ್ನ ಕಣ್ಣಿಗೆ ಗ್ಲಾಕೋಮಾ ಎಂದರು, ಮಕ್ಕಳನ್ನೂ ಕರೆತರಲು ಹೇಳಿದರು. ನೀನು ಮನೆಯಲ್ಲಿ ಬಾಯಿ ಬಿಟ್ಟಿಲ್ಲ. ಇದೆಲ್ಲ ನಮ್ಮ ಮನೆತನದ ದಾಖಲೆಯಲ್ಲಿದೆ. ನಿನ್ನ ಮಗಳು ಈರವ್ವ ಮುಂದೆ ಪಟ್ಟ ಪಾಡೂ ಅದರಲ್ಲಿದೆ, ಅದನ್ನು ಬರೆಯಲಾರೆ.

ನನಗೂ ಅದೇ ರೋಗ. ಒಂದು ಕಣ್ಣು ಹೋಗಿದೆ, ಇನ್ನೊಂದರಲ್ಲಿ ನಡುವಿನ ನೋಟ ಮಾತ್ರ, ತಟ್ಟೆಯಷ್ಟು. ನಮ್ಮ ಕಾಲದಲ್ಲೂ ಸತ್ತ ನರ ಬದುಕಿಸುವ ಮದ್ದಿಲ್ಲ. ಹನಿ ಹಾಕಿ ಉಳಿದದ್ದನ್ನು ಕಾಯಬಹುದು, ಅಷ್ಟೇ. ಹಾಗಾಗಿ ದಿನಾ ನಾಷ್ಟಾ ಆದಮೇಲೆ ಒಂದು ತಾಸು ಕಣ್ಕಟ್ಟು ಮಾಡುತ್ತೇನೆ, ಅಂದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮನೆಗೆಲಸ. ಉಪ್ಪಿನ ಡಬ್ಬಿಗೆ ಒಂದು ದಾರ, ಸಕ್ಕರೆಗೆ ಎರಡು. ಲೋಟದಂಚಿಗೆ ಬೆರಳು ಸಿಕ್ಕಿಸಿ ಚಹಾ ಸುರಿಯುತ್ತೇನೆ. ಬೆರಳು ಚುರ್ರೆಂದರೆ ತುಂಬಿತು ಎಂದರ್ಥ. ಮೊದಲ ವಾರ ಹೊಸ್ತಿಲು ಎಡವಿ ಬಿದ್ದು ಅತ್ತಿದ್ದೆ. ಈಗ ಗೋಡೆಗುಂಟ ಹಿತ್ತಲಿಗೆ ಹೋಗಿ ಗಿಡಗಳಿಗೆ ನೀರು ಹಾಕಿ ಬರುತ್ತೇನೆ.

ನಮ್ಮ ಮೂರ್ಖತನ ಕೇಳು. ಹೂಗಾರರ ಮನೆಯಲ್ಲಿ ಯುಗಾದಿಗೆ ಹಿರಿಯರ ಮುಂದೆ ನಾಲ್ಕು ಮೊಳ ಮಾಲೆ ಕಟ್ಟಿ ತೋರಿಸಿದರೆ ಕಣ್ಣು ಗಟ್ಟಿ ಎಂದು ಲೆಕ್ಕ. ಅಯ್ಯೋ, ಮಾಲೆ ಕಟ್ಟುವುದು ಬೆರಳು! ಈ ರೋಗವೋ ನೋಟವನ್ನು ಅಂಚಿನಿಂದ ತಿನ್ನುತ್ತ ಬರುತ್ತದೆ, ನೋವಿಲ್ಲ, ಸದ್ದಿಲ್ಲ. ಅರ್ಧ ನೋಟ ಹೋದಮೇಲೂ ನಾನು ಪ್ರತಿ ಯುಗಾದಿ ಪಾಸಾದೆ. ಕೊನೆಗೆ ಗೊತ್ತಾದಾಗ, ಇದು ರಕ್ತದಲ್ಲಿ ಬರುತ್ತದೆ ಎಂಬುದನ್ನು ಮಗಳು ಕಾಶವ್ವನಿಂದ ಮುಚ್ಚಿಟ್ಟೆ, ಅವಳ ಕೆಲಸಕ್ಕೆ ಕಲ್ಲು ಬೀಳುತ್ತದೆಂದು. ಅವಳು ನಡೆಸುವುದು ಗಾಳಿದೋಣಿ. ಮೂವತ್ತು ಜನರನ್ನು ಹೊತ್ತು ಹುಬ್ಬಳ್ಳಿಗೆ ಹಾರುವ ಬಂಡಿ ಅದು.

ಹೋದ ಸೋಮವಾರ ಊಟಕ್ಕೆ ಕೂತಾಗ ಎಡಕ್ಕಿಟ್ಟ ನೀರಿನ ಚೊಂಬನ್ನು ಉರುಳಿಸಿದಳು. ಮಂಗಳವಾರ ಮತ್ತೆ. ಎಡಗಡೆಯದು ಅವಳಿಗೆ ಕಾಣುತ್ತಿಲ್ಲ ಎಂದು ಹೊಳೆಯಿತು. ಒತ್ತಳೆಗೆ ಹೋಗೋಣ ಎಂದೆ; ಒತ್ತಳೆ ಎಂದರೆ ರೆಪ್ಪೆಯ ಮೇಲಿಟ್ಟು ಕಣ್ಣಿನ ಒತ್ತಡ ಅಳೆಯುವ ಪಟ್ಟಿ. "ಯವ್ವಾ, ಉಗಾದಿಗೆ ನಾಕು ಮೊಳ ಕಟ್ಟಿ ತೋರ್ಸೀನಿ, ಇನ್ನೇನ್ ಬೇಕು ನಿನಗ? ನಾಳಿ ಮುಂಜಾನೆ ಟ್ರಿಪ್ ಐತಿ, ಸುಮ್ನ ತಲಿ ತಿನಬ್ಯಾಡ" ಎಂದಳು. ಆಗಲೂ ಸತ್ಯ ನನ್ನ ಬಾಯಿಗೆ ಬರಲಿಲ್ಲ. ಮರುದಿನ ಅವಳು ಹೊರಟ ಮೇಲೆ ದೋಣಿ ನಿಲ್ದಾಣಕ್ಕೆ ನಾನೇ ಅವಳ ಕಣ್ಣಿನ ಸುದ್ದಿ ಮುಟ್ಟಿಸಿದೆ. ಜನ ಹತ್ತಿ ಕೂತುಬಿಟ್ಟಿದ್ದರಂತೆ. ಅವರೆದುರೇ ಅವಳನ್ನು ಇಳಿಸಿ ಕಣ್ಣಿನ ಒತ್ತಡ, ನೋಟ ಎರಡನ್ನೂ ಅಳೆದರು. ಎಡಗಣ್ಣು ಬಹುತೇಕ ಹೋಗಿದೆ. ಬಲಗಣ್ಣು ಉಳಿದಿದೆ.

ಮನೆಗೆ ಬಂದವಳೇ, "ಗೊತ್ತಿತ್ತು ನಿನಗ. ಗೊತ್ತಿದ್ದೂ ಹೇಳ್ಲಿಲ್ಲ. ನೀ ಎಂಥಾ ತಾಯಿ?" ಎಂದಳು. ಹತ್ತು ವರ್ಷ ಮೊದಲು ಹೇಳಿದ್ದರೆ ಆ ಕಣ್ಣು ಉಳಿಯುತ್ತಿತ್ತು.

ಶಾಂತವ್ವ, ನಿನ್ನ ಈರವ್ವನಿಗೆ ಈಗಿನ್ನೂ ಹನ್ನೊಂದು. ಮದುವೆಗೆ ಅಡ್ಡಿ, ಓದಿಗೆ ಅಡ್ಡಿ ಎಂದೆಲ್ಲ ನೆವ ಹುಡುಕಬೇಡ, ನಾನೂ ಹುಡುಕಿದ್ದೆ. ನಾಳೆಯೇ ಕರೆದುಕೊಂಡು ಹೋಗು. ಅವಳು ಸಿಟ್ಟಾಗಲಿ, ಕಾಲು ಅಪ್ಪಳಿಸಲಿ, ಎರಡೂ ಕಣ್ಣಿನಿಂದ ನಿನ್ನನ್ನು ಕೆಕ್ಕರಿಸಿ ನೋಡಲಿ.