ರುಚಿ ನೋಡದ ಅಡಿಗೆ

ಅಳದಂಗಡಿ
12-8-2025

ಶೋಧನ್‌ನ ಅಪ್ಪನಿಗೆ ಜಲಜಾಕ್ಷಿಯ ಪ್ರೀತಿಯ ನಮಸ್ಕಾರ.

ನಿಮ್ಮ ಸೊಂಟನೋವು ಹೇಗುಂಟು? ಮಸ್ಕತ್‌ನ ಆ ಹೋಟೆಲಿನಲ್ಲಿ ದಿನವಿಡೀ ಒಲೆಯ ಮುಂದೆ ನಿಲ್ಲುವವರು, ನಾನು ಕಳಿಸಿದ ಎಣ್ಣೆ ಹಚ್ಚುತ್ತೀರೋ ಇಲ್ಲವೋ? ಹಚ್ಚುವುದಿಲ್ಲ, ಗೊತ್ತುಂಟು. ಅತ್ತೆ ಗಟ್ಟಿಯಾಗಿದ್ದಾರೆ, ಧಾರಾವಾಹಿಯವರಿಗೆ ಬೈಯುವಷ್ಟು ಶಕ್ತಿ ಇನ್ನೂ ಉಂಟು. ಶೋಧನ್ ಮೂಡುಬಿದಿರೆಯ ಹಾಸ್ಟೆಲಿನಿಂದ ಬಂದಾಗಲೆಲ್ಲ ಇಬ್ಬರ ಊಟ ಒಬ್ಬನೇ ಮಾಡುತ್ತಾನೆ. ದಿನಾ ಫೋನಿರುವಾಗ ಇವಳಿಗೇನು ಕಾಗದದ ಹುಚ್ಚು ಎಂದು ನಗಬೇಡಿ. ವಿಡಿಯೋದಲ್ಲಿ ನಿಮ್ಮ ಮುಖ ಕಂಡರೆ ಈ ಮಾತು ಬಿಟ್ಟು ಮಳೆಯ ಸುದ್ದಿ ಹೇಳಿ ಫೋನಿಡುತ್ತೇನೆ. ತುಕ್ರಪ್ಪಣ್ಣ ರಜೆ ಮುಗಿಸಿ ಅಲ್ಲಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕೊಡುತ್ತಿದ್ದೇನೆ.

ಮೇ ತಿಂಗಳಲ್ಲಿ ನನಗೆ ಜ್ವರ ಬಂದಿತ್ತಲ್ಲ, ಅದು ಹೋಗುವಾಗ ನನ್ನ ಮೂಗನ್ನೂ ಕರೆದುಕೊಂಡು ಹೋಯಿತು. ವಾಸನೆಯೇ ಗೊತ್ತಾಗುವುದಿಲ್ಲ, ನಾಲಗೆಗೂ ರುಚಿಯಿಲ್ಲ. ಬೆಳ್ತಂಗಡಿಯ ಡಾಕ್ಟರು "ಬಂದರೂ ಬರಬಹುದು, ಕಾಯುವ" ಎಂದರು. ಇಲ್ಲಿ ನಮ್ಮ ಹೋಟೆಲು ನಡೆಸುವವಳು ಏನೆಂದು ಕಾಯುವುದು? ಒಂದು ದಿನ ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದೆ. ಇನ್ನೊಂದು ದಿನ ಹಳಸಿದ ಚಟ್ನಿ ಬಡಿಸಿದೆ. ಹೋಟೆಲು ತೆರೆದಂದಿನಿಂದ ಬರುವ ಆಟೋದ ಹಸೈನಾರ್, ದೋಸೆ ಅರ್ಧಕ್ಕೇ ಬಿಟ್ಟು ಎದ್ದು ಕೈ ತೊಳೆದರು. ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ. ಇನ್ನು ನನ್ನಿಂದಾಗದು, ತಿಂಗಳ ಕೊನೆಗೆ ಬಾಗಿಲು ಹಾಕುವ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದೆ. ಯಾರಿಗೂ ಹೇಳಲಿಲ್ಲ, ನಿಮಗೂ.

ಅಷ್ಟರಲ್ಲಿ ಆಟಿ ತಿಂಗಳ ಅಗೆಲು ಬಂತು. ತೀರಿಹೋದ ಹಿರಿಯರ ಎಡೆಗೆ ಬಡಿಸುವ ಕೋಳಿ ಪದಾರ್ಥ ನಾನೇ ಮಾಡಬೇಕಲ್ಲ! ಸೊಸೆಯಾಗಿ ಬಂದ ಮೇಲೆ ಒಂದು ವರ್ಷವೂ ತಪ್ಪಿಸಿದವಳಲ್ಲ. ಹೆದರಿ ಅತ್ತೆಯ ಹತ್ತಿರ, ನನಗೆ ರುಚಿ ಹಿಡಿಯುವುದಿಲ್ಲ, ಈ ಸಲ ನೀವೇ ಮಾಡಿ ಎಂದೆ. ಅವರಿಗೆ ಸಿಟ್ಟೇ ಬಂತು. "ಎಡೆ ಇಡುವ ಮೊದಲು ಯಾರಾದರೂ ರುಚಿ ನೋಡ್ತಾರಾ ಮಾರಾಯ್ತಿ? ಎಂಜಲಾಗುವುದಿಲ್ವಾ? ಕೈಗೆ ಗೊತ್ತುಂಟು, ಮಾಡು!"

ಸೌಟು ಹಿಡಿದು ಹಾಗೇ ನಿಂತೆ. ಹೌದಲ್ಲ, ಇಷ್ಟು ವರ್ಷ ಅಗೆಲಿನ ಅಡಿಗೆ ರುಚಿ ನೋಡಿ ಮಾಡಿದ್ದೇ ಇಲ್ಲ. ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಕತೆ ನನ್ನದು. ಉಪ್ಪು ಅಂಗೈಗೆ ಹಾಕಿಕೊಂಡೆ, ಎಷ್ಟೆಂದು ಅಂಗೈಯೇ ಹೇಳಿತು. ಮಸಾಲೆ ಬೆಂದದ್ದು ಕುದಿಯುವ ಸದ್ದಿನಲ್ಲಿ ತಿಳಿಯಿತು. ಎಡೆ ಇಟ್ಟು ಎಲ್ಲರೂ ಉಣ್ಣಲು ಕೂತಾಗ ಅತ್ತೆ ಎರಡನೇ ಸಲ ಬಡಿಸಿಕೊಂಡರು. ನಾನು ಹಿತ್ತಲಿಗೆ ಹೋಗಿ ಮನಸಾರೆ ಅತ್ತುಬಿಟ್ಟೆ, ದುಃಖಕ್ಕಲ್ಲ.

ಹೋಟೆಲು ಮುಚ್ಚುವುದಿಲ್ಲ. ನಮ್ಮ ಪಾತ್ರೆ ತೊಳೆಯುವ ಸೇಸಮ್ಮನಿಗೆ ಎಲ್ಲ ಹೇಳಿದ್ದೇನೆ. ಕಾಯಿ, ಹಾಲು ಕೆಟ್ಟಿದೆಯೋ ಎಂದು ಮೂಸುವ ಕೆಲಸ ಈಗ ಅವರದ್ದು. ಆ ಮೂಗಿಗೆ ಎಂಥ ಗತ್ತು ಬಂದಿದೆ ನೋಡಬೇಕು! ನೀವು ಅಲ್ಲಿ ಕೂತು ಚಿಂತೆ ಮಾಡಬೇಡಿ. ಹೊತ್ತುಹೊತ್ತಿಗೆ ಉಣ್ಣಿ. ಅತ್ತೆಯ ಆಶೀರ್ವಾದ, ಮಗನ ನಮಸ್ಕಾರ.

ನಿಮ್ಮ
ಜಲಜಾಕ್ಷಿ

ತಾ.ಕ.: ತುಕ್ರಪ್ಪಣ್ಣ ಅಂಗಳಕ್ಕೆ ಬಂದಾಯಿತು, ಬೇಗ ಬರೆಯುತ್ತೇನೆ. ನೀವು ಹೊರಡುವ ದಿನ ಬಿಚ್ಚಿಟ್ಟ ನೀಲಿ ಅಂಗಿಯನ್ನು ನಾನು ಇವತ್ತಿನವರೆಗೆ ಒಗೆದಿಲ್ಲ. ಮೊನ್ನೆ ಮುಖಕ್ಕೊತ್ತಿಕೊಂಡೆ. ಬರೀ ಬಟ್ಟೆ. ಅಡಿಗೆಗಾದರೆ ಕೈ ಸಾಕು, ಇದಕ್ಕೆ ಸಾಲುವುದಿಲ್ಲ. ರಜೆ ಕೇಳಿ, ಒಮ್ಮೆ ಬನ್ನಿ.